ಡ್ರೈವಿಂಗ್ ಮೇಡಂ ವಸ್ಸೀಲಾ ವೇದಿಕೆ ಹತ್ತಿದ್ದು

ನನ್ನ ಗಂಡ ಮಿಲೂದನ ಎರಡೂ ಕಣ್ಣಿಗೆ ಪೊರೆ ಬಂದ ವರ್ಷವೇ ನಾನು ಕಾರು ಕಲಿಯಲು ಹೊರಟೆ. ಆಗ ನನಗೆ ಐವತ್ತಮೂರು. ಕಣ್ಣು ಮಂಜಾದರೂ ತಾನೇ ಓಡಿಸುತ್ತೇನೆಂದು ಅವನು ಹಟ ಹಿಡಿದಿದ್ದ. ಒಂದು ದಿನ ಸಲಮಾಂದ್ರದ ಕಡಲದಂಡೆಯ ರಸ್ತೆಯಲ್ಲಿ ಐಸ್‌ಕ್ರೀಮಿನ ಗಾಡಿಯನ್ನು ಪೊಲೀಸರ ಗಾಡಿ ಎಂದುಕೊಂಡು ಕಾರು ನಿಲ್ಲಿಸಿ, ಸಲಾಮು ಹೊಡೆದು, ಕಾಗದಪತ್ರಗಳನ್ನೆಲ್ಲ ಚಾಚಿದ. ಐಸ್‌ಕ್ರೀಮಿನವನು ಗಾಬರಿಬಿದ್ದು ಎರಡು ಕೋನು ಕೊಟ್ಟ. "ನೋಡಿದ್ಯಾ ಸೆತ್ತಿ, ಈಗಿನ ಪೊಲೀಸ್ರು ಎಷ್ಟು ಒಳ್ಳೇವ್ರು" ಎಂದ ಮಿಲೂದ್. ಮಾರನೆಯ ಬೆಳಿಗ್ಗೆಯೇ ನಾನು ಹೋಗಿ ಹಾಜ್ ಮೊಖ್ತಾರನ ಡ್ರೈವಿಂಗ್ ಸ್ಕೂಲಿನಲ್ಲಿ ಹೆಸರು ಬರೆಸಿದೆ.

ವಸ್ಸೀಲಾ ನನಗೆ ಸಿಕ್ಕಿದ್ದು ಅಲ್ಲೇ. ಅವಳು ಕವಿ ಎಂದು ಮೊಸ್ತಗಾನೆಮ್ ಊರಿಗೆಲ್ಲ ಗೊತ್ತಾದದ್ದು ಆಮೇಲೆ. ಆಗ ಅವಳು ಬರೀ ಡ್ರೈವಿಂಗ್ ಮೇಡಂ. ಮೂವತ್ತೊಂದು ವರ್ಷ, ಕುಳ್ಳು ದೇಹ, ಕೂದಲ ಗಂಟಿಗೆ ಸಿಕ್ಕಿಸಿದ ಪೆನ್ಸಿಲು. ದೇಹಕ್ಕೂ ಧ್ವನಿಗೂ ಸಂಬಂಧವೇ ಇರಲಿಲ್ಲ. ಅವಳ ಅಪ್ಪ, ತೀರಿಕೊಂಡ ಸಿ ತಯ್ಯಬ್, ಬಂದರಿನಲ್ಲಿ ಮೀನಿನ ಹರಾಜು ಕೂಗುತ್ತಿದ್ದವನು. ಅವನು ಕೆಳಗೆ ಬಂದರಿನಲ್ಲಿ ಮತ್ತಿ ಮೀನಿನ ಹರಾಜು ಕೂಗಿದರೆ ಮೇಲೆ ತಿಜ್ದಿತ್ ಕೇರಿಯಲ್ಲಿ ನಾವು ಹೆಂಗಸರು ಒಲೆ ಹಚ್ಚುತ್ತಿದ್ದೆವು. ಆ ಗಂಟಲು ಮಗನಿಗೆ ಬರಲಿಲ್ಲ, ಮಗಳಿಗೆ ಬಂತು. ಅವಳ ತಾಯಿ ಲಲ್ಲಾ ಬಖ್ತಾ ಇದನ್ನು ಒಂದು ಕಾಯಿಲೆಯ ಹಾಗೆ ಹೇಳುತ್ತಿದ್ದಳು: "ಹುಡುಗೀಗೆ ಅಪ್ಪನ ಗಂಟ್ಲು ಬಂದ್ಬಿಟ್ಟಿದೆ, ಯಾವ ಡಾಕ್ಟ್ರೂ ಏನೂ ಮಾಡೋ ಹಾಗಿಲ್ಲ."

ಮೊದಲ ದಿನ ನಾನು ಕಾರಿನಲ್ಲಿ ಕೂತು ಬಿಸ್ಮಿಲ್ಲಾ ಹೇಳಿ ಕಣ್ಣು ಮುಚ್ಚಿದೆ.

"ಖಾಲ್ತಿ, ಪ್ರಾರ್ಥನೆ ಮಾಡ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಕಣ್ಣು ಬಿಟ್ಕೊಂಡು ಮಾಡಿ" ಎಂದಳು ವಸ್ಸೀಲಾ. ನಮ್ಮಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ಹುಡುಗಿಯರು ಖಾಲ್ತಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. "ಈಗ ಎಡಗಾಲು ಕ್ಲಚ್ಚಿನ ಮೇಲೆ. ನಿಧಾನಕ್ಕೆ ಬಿಡಿ. ಮಲಗಿರೋ ಮಗು ತಲೆ ಕೆಳಗಿಂದ ಕೈ ಎಳ್ಕೊಳ್ಳೋ ಹಾಗೆ."

ನಾನು ಏಳು ಹೆತ್ತವಳು. ಕೈಯನ್ನು ಹಾಗೆ ಎಳೆದುಕೊಂಡು ಅಭ್ಯಾಸವಿತ್ತು. ಕಾಲನ್ನು ಎಳೆದುಕೊಂಡು ಅಭ್ಯಾಸವಿರಲಿಲ್ಲ. ಕಾರು ಕಪ್ಪೆಯ ಹಾಗೆ ನೆಗೆದು ಕರಂತಿಕಾ ಮಾರುವವನ ಮೇಜಿನ ಮುಂದೆ ನಿಂತಿತು. ಅವನು ಬಿಸಿ ಬಿಸಿ ಕಡಲೆಹಿಟ್ಟಿನ ತಟ್ಟೆ ಎತ್ತಿಕೊಂಡು ಗೋಡೆಗೆ ಅಂಟಿಕೊಂಡ.

ಹಿಂದೆ ಒಂದು ಲಾರಿ. ಅದರ ಡ್ರೈವರು ಹಾರನ್ ಹೊಡೆಯುತ್ತಲೇ ಕತ್ತು ಹೊರಗೆ ಹಾಕಿ ಕಿರುಚಿದ: "ಏಯ್ ಅಜ್ಜಿ! ಅಡಿಗೆಮನೆಗೆ ಹೋಗು!"

ವಸ್ಸೀಲಾ ಕಿಟಕಿ ಇಳಿಸಿದಳು. ಅಪ್ಪನ ಗಂಟಲಿನಲ್ಲಿ ಹೇಳಿದಳು: "ಅಡಿಗೆಮನೆಗೇ ಹೊರಟಿದ್ದೀವಣ್ಣ, ನೀನು ಹಾರನ್ ಹೊಡೆಯೋದು ಬಿಟ್ರೆ ತಾನೇ! ನಿನ್ನ ಊಟ ತಡ ಆದ್ರೆ ನಿನ್ನದೇ ಕಾಟ, ಹೊಟ್ಟೆ ಹಸಿದ ಗಂಡಸ್ರಿಗೆ ರಸ್ತೇಲೂ ಅಡಿಗೆಮನೇದೇ ಆಟ!"

ಕಾಟ, ಆಟ ಎಂದು ಅದು ಪ್ರಾಸದಲ್ಲಿ ಬಂದದ್ದು ಅವಳಿಗೇ ಗೊತ್ತಿರಲಿಲ್ಲ. ಕರಂತಿಕಾದವನು ನಕ್ಕ. ಲಾರಿಯವನಿಗೂ ನಗು ಬಂತು, ಆದರೆ ಮುಖ ಗಂಟು ಹಾಕಿಕೊಂಡೇ ಪಕ್ಕದಿಂದ ಹೋದ.

ಹೀಗೆ ದಿನಕ್ಕೆ ಹತ್ತು ಸಲ ಆಗುತ್ತಿತ್ತು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರೆ ನಮ್ಮೂರಿನ ಗಂಡಸರಿಗೆ ಉಪದೇಶ ಉಕ್ಕಿ ಬರುತ್ತದೆ. ಒಬ್ಬ ಮದುವೆಯಾಗು ಎನ್ನುತ್ತಾನೆ, ಇನ್ನೊಬ್ಬ ಬಲಕ್ಕೆ ತಿರುಗು ಎನ್ನುತ್ತಾನೆ, ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತಾರೆ. ವಸ್ಸೀಲಾ ಒಬ್ಬೊಬ್ಬರಿಗೂ ಉತ್ತರ ಕೊಡುತ್ತಿದ್ದಳು. ನಾವು ವಿದ್ಯಾರ್ಥಿನಿಯರು ಮನೆಗೆ ಹೋಗಿ ಆ ಉತ್ತರಗಳನ್ನು ಉಪ್ಪಿನಕಾಯಿಯ ಹಾಗೆ ಇಟ್ಟುಕೊಂಡು ಬೇಕಾದಾಗ ಗಂಡಂದಿರಿಗೆ ಬಡಿಸುತ್ತಿದ್ದೆವು. ನನ್ನ ಮಿಲೂದ್ ಮಾತ್ರ ಪ್ರತಿ ಸಲವೂ "ಯಾರು ಹೇಳ್ಕೊಟ್ರು ಇದನ್ನ? ಆ ಮೀನು ಹರಾಜಿನವನ ಮಗಳಾ? ಸ್ಕೂಲು ಬಿಡು" ಎನ್ನುತ್ತಿದ್ದ. ನಾನು ಬಿಡಲಿಲ್ಲ. ಬಿಡಬೇಕಾದ ಅಗತ್ಯವೂ ಬರಲಿಲ್ಲ, ಏಕೆಂದರೆ ಪರೀಕ್ಷೆಯಲ್ಲಿ ನಪಾಸಾಗುತ್ತಲೇ ಇದ್ದೆ. ಹಿಮ್ಮುಖವಾಗಿ ಕಾರನ್ನು ಕಂಬಗಳ ನಡುವೆ ನಿಲ್ಲಿಸಬೇಕು. ನಾನು ಪ್ರತಿ ಸಲ ಒಂದು ಕಂಬವನ್ನು ಮಲಗಿಸುತ್ತಿದ್ದೆ.

ನಮ್ಮ ಜೊತೆ ಶಹಿನಾಜ್ ಎಂಬ ಹುಡುಗಿ ಕಲಿಯುತ್ತಿದ್ದಳು. ಔಷಧಶಾಸ್ತ್ರ ಓದುತ್ತಿದ್ದವಳು, ಊರಿನ ಹೊಸ ಸುದ್ದಿಗಳೆಲ್ಲ ಅವಳ ಫೋನಿನಲ್ಲೇ ಹುಟ್ಟುತ್ತಿದ್ದವು. ಒಂದು ದಿನ ಹಿಂದಿನ ಸೀಟಿನಿಂದ ಹೇಳಿದಳು: "ಮೇಡಂ, ಸಾಂಸ್ಕೃತಿಕ ಭವನದಲ್ಲಿ ಗುರುವಾರ ಮಧ್ಯಾಹ್ನ ಸ್ಲ್ಯಾಮ್ ಇದೆ. ನೀವು ಬರ್ಲೇಬೇಕು."

"ಅದೇನದು, ಬಾಗಿಲು ಬಡಿಯೋದಾ?"

"ಕವಿತೆ ಮೇಡಂ. ವಾದ್ಯ ಇಲ್ಲ, ವೇಷ ಇಲ್ಲ, ಮೂರು ನಿಮಿಷ, ಬರೀ ಬಾಯಿ. ಜನಾನೇ ಅಂಕ ಕೊಡ್ತಾರೆ."

"ಬರೀ ಬಾಯಿಗೆ ಇಷ್ಟು ದಿನ ಏಟು ಕೊಡ್ತಿದ್ರು. ಈಗ ಅಂಕ ಕೊಡ್ತಾರಾ?" ಎಂದಳು ವಸ್ಸೀಲಾ. ನಕ್ಕಳು. ಆದರೆ ಆ ಸಂಜೆಯೇ ಅವಳ ಕೂದಲ ಗಂಟಿನಿಂದ ಪೆನ್ಸಿಲು ಇಳಿಯಿತು. ಪರೀಕ್ಷೆಯ ಫಾರಮ್ಮುಗಳ ಹಿಂಬದಿಯಲ್ಲಿ ಬರೆಯಲು ಶುರು ಮಾಡಿದಳು.

ಆ ಗುರುವಾರ ನಾವು ಹನ್ನೊಂದು ಮಂದಿ ವಿದ್ಯಾರ್ಥಿನಿಯರು ಅವಳ ಬೆನ್ನಿಗೆ ಹೋದೆವು. ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೈಕು, ಮೈಕಿನ ಹಿಂದೆ ಸಣ್ಣ ಮೇಜಿಗೆ ಕೂತ ಧ್ವನಿವರ್ಧಕದವನು. ಅವನ ಹೆಸರು ಲಖ್ದರ್. ಉದ್ದ ಮನುಷ್ಯ, ಮಾತು ಕಡಿಮೆ. ಮೊದಲು ನಾಲ್ಕು ಹುಡುಗರು ಬಂದರು. ನಾಲ್ವರ ಹೃದಯವೂ ಒಡೆದಿತ್ತು. ಒಬ್ಬನಂತೂ ಸಮುದ್ರ ದಾಟಿ ಹೋಗುತ್ತೇನೆಂದು ಮೂರು ನಿಮಿಷ ಹೇಳಿ ನಮ್ಮ ಪಕ್ಕದಲ್ಲೇ ಬಂದು ಕೂತು ಕಡಲೆಬೀಜ ತಿಂದ. ಆಮೇಲೆ ವಸ್ಸೀಲಾಳನ್ನು ಕರೆದರು.

ಮೇಲೆ ಹೋದಳು, ನಿಂತಳು, ಬಾಯಿ ತೆರೆದಳು. ಏನೂ ಬರಲಿಲ್ಲ. ಅಪ್ಪನ ಗಂಟಲು ಕೈಕೊಟ್ಟಿತ್ತು. ಎರಡೂ ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಅರ್ಧ ನಿಮಿಷ ಹೋಯಿತು. ಹುಡುಗರು ಕೆಮ್ಮತೊಡಗಿದರು. ಆಗ ಅವಳು ನನ್ನ ಕಡೆ ನೋಡಿ ಕರೆದಳು: "ಖಾಲ್ತಿ ಸೆತ್ತಿ, ಮೇಲೆ ಬನ್ನಿ. ಒಂದಲ್ಲ, ಎರಡು ಕುರ್ಚಿ ತನ್ನಿ."

ನಾನು ಕಾಲಿನವರೆಗಿನ ನಿಲುವಂಗಿ, ಕೈಚೀಲ, ಅದರೊಳಗೆ ಬರುವಾಗ ಕೊಂಡ ಕೊತ್ತಂಬರಿ ಕಟ್ಟು, ಎಲ್ಲದರ ಸಮೇತ ವೇದಿಕೆ ಹತ್ತಿದೆ. ಅವಳು ಕುರ್ಚಿಗಳನ್ನು ಅಕ್ಕಪಕ್ಕ ಹಾಕಿ ನಮ್ಮ ಕಾರುಗಳಲ್ಲಿ ಸ್ಟೀರಿಂಗ್ ಇರುವ ಎಡಗಡೆ ನನ್ನನ್ನು ಕೂರಿಸಿದಳು, ಬಲಗಡೆ ತಾನು ಕೂತಳು. ಪಕ್ಕದಲ್ಲಿ ಕಲಿಯುವವಳು ಕೂತ ಕೂಡಲೇ ಅವಳ ಬೆನ್ನು ನೆಟ್ಟಗಾಯಿತು. ಧ್ವನಿ ಬಂತು:

"ಕನ್ನಡಿ ನೋಡು ಅಂತೀನಿ ನಾನು,
ತುಟಿಯ ಬಣ್ಣಕ್ಕಲ್ಲ ತಾಯಿ,
ಹಿಂದೆ ಬರೋನು ಯಾರು ಅಂತ.
ಹಿಂದೆ ಅಪ್ಪ, ಅಪ್ಪನ ಹಿಂದೆ ಅಣ್ಣ,
ಅಣ್ಣನ ಹಿಂದೆ ಗಂಡ, ಗಂಡನ ಹಿಂದೆ ಅವನಮ್ಮ,
ಕಾರು ಬೇರೆ ಬೇರೆ, ಎಲ್ಲರದೂ ಒಂದೇ ಹಾರನ್.
ಮುಂದೆ ನೋಡು, ರಸ್ತೆ ಖಾಲಿ.
ಖಾಲಿ ಅಂದ್ರೆ ಹೆದರಬೇಡ, ಗೇರು ಹಾಕು."

"ಗೇರು ಹಾಕು" ಎಂದಾಗ ನಾನು ಅಭ್ಯಾಸಬಲದಿಂದ ಎಡಗಾಲು ಒತ್ತಿ ಬಲಗೈ ಎಳೆದೆ. ಜನ ಹೋ ಎಂದರು. ವಸ್ಸೀಲಾ ಕವಿತೆಯನ್ನು ಅಲ್ಲೇ ನಿಲ್ಲಿಸಿ, "ಖಾಲ್ತಿ, ಎರಡರಿಂದ ಐದಕ್ಕೆ ಹಾರಬೇಡಿ, ನಾನಿನ್ನೂ ಎರಡನೇ ಪದ್ಯದಲ್ಲಿದ್ದೀನಿ" ಎಂದಳು. ಅದೂ ಕವಿತೆಯ ಭಾಗವೇ ಎಂದು ಜನ ತಿಳಿದರು. ಅಷ್ಟರಲ್ಲಿ ಸ್ಪೀಕರು ಕೀ ಎಂದು ಅರಚಿತು. ಲಖ್ದರ್ ಓಡಿ ಬಂದು ಮೈಕನ್ನು ಒಂದು ಮೊಳ ದೂರ ಇಟ್ಟ. ಮತ್ತೆ ಅರಚಿತು. ಇನ್ನೊಂದು ಮೊಳ ದೂರ ಇಟ್ಟ. ಕೊನೆಗೆ ಮೈಕನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಮೇಜಿಗೆ ಕೂತು, ಆ ದಿನದ ಮೊದಲ ಮಾತನ್ನಾಡಿದ: "ನಿಮಗೆ ಇದು ಬೇಡ."

ಅವಳಿಗೆ ಮೊದಲ ಸ್ಥಾನ ಬಂತು. ನನಗೂ ಒಂದು ಗುಲಾಬಿ ಕೊಟ್ಟರು. ಮನೆಗೆ ಹೋದರೆ ಮಿಲೂದ್ ಕೇಳಿದ: "ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ?" ಕೊತ್ತಂಬರಿ ತರಲು ಎಂದೆ. ಸುಳ್ಳೂ ಅಲ್ಲ.

ಶಹಿನಾಜ್ ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದಳು. ಶನಿವಾರದ ಹೊತ್ತಿಗೆ ಅದು ಮೊಸ್ತಗಾನೆಮ್‌ನ ಕಟಿಂಗ್ ಶಾಪು, ಹಮಾಮಿನ ಸ್ನಾನದ ಮನೆ, ದಂತವೈದ್ಯರ ಬೆಂಚು ಎಲ್ಲ ಕಡೆ ಓಡಾಡಿತು. ಇಬ್ಬರು ಗಂಡಸರು ಡ್ರೈವಿಂಗ್ ಸ್ಕೂಲಿಗೆ ಬಂದು ಮಾಲೀಕ ಹಾಜ್ ಮೊಖ್ತಾರನ ಮುಂದೆ ಕೂತರು. ನಾನು ಮೂಲೆಯಲ್ಲಿ ರಸ್ತೆ ನಿಯಮದ ಪುಸ್ತಕ ಓದುತ್ತಿದ್ದೆ, ಅಂದರೆ ಕೇಳಿಸಿಕೊಳ್ಳುತ್ತಿದ್ದೆ.

"ಹಾಜ್, ನಿಮ್ಮ ಮೇಡಂ ನಮ್ಮ ಹೆಂಗಸ್ರ ತಲೆ ಕೆಡಿಸ್ತಿದ್ದಾಳೆ."

"ಏನಂತ ಕೆಡಿಸಿದ್ಲು?"

"ಕನ್ನಡಿ ನೋಡು ಅಂತ ಹೇಳ್ತಾಳಂತೆ."

"ಕನ್ನಡಿ ನೋಡ್ಬೇಕಪ್ಪಾ, ಇಲ್ದಿದ್ರೆ ಪರೀಕ್ಷೇಲಿ ಫೇಲು" ಎಂದ ಹಾಜ್. ಅವನು ಹೆದರುಪುಕ್ಕಲ. ಹೀಗೆಂದ ಮೇಲೆ ತಾನೇ ಹೆದರಿ, ಅವಳನ್ನು ಕರೆದು ಬೈಯುತ್ತೇನೆಂದು ಮಾತು ಕೊಟ್ಟು ಕಳಿಸಿದ. ಮಾರನೆಯ ಬೆಳಿಗ್ಗೆ ಅವನು ಬಾಗಿಲು ತೆಗೆಯಲು ಬಂದರೆ ಮೆಟ್ಟಿಲ ಮೇಲೆ ಹೊಸದಾಗಿ ಸೇರಲು ಬಂದ ಇಪ್ಪತ್ತೆರಡು ಹೆಂಗಸರು. ಒಬ್ಬಳು ಮಗುವಿಗೆ ಹಾಲು ಕುಡಿಸುತ್ತಿದ್ದಳು, ಒಬ್ಬಳು ಬಟಾಣಿ ಬಿಡಿಸುತ್ತಿದ್ದಳು. ಹಾಜ್ ವಸ್ಸೀಲಾಳನ್ನು ಪಕ್ಕಕ್ಕೆ ಕರೆದ. "ಮಗಳೇ, ನಿನ್ನ ಕರೆದು ಬೈಬೇಕಂತ ಇದ್ದೆ."

"ಬೈರಿ ಹಾಜ್."

"ಈಗ ಟೈಮಿಲ್ಲ ತಾಯಿ. ಶನಿವಾರ ಬೈತೀನಿ. ಮೊದ್ಲು ಇವ್ರನ್ನೆಲ್ಲ ಒಳಗೆ ಕೂರ್ಸು." ಆ ಶನಿವಾರ ಇನ್ನೂ ಬಂದಿಲ್ಲ.

ಮನೆಯಲ್ಲಿ ಲಲ್ಲಾ ಬಖ್ತಾ ವಿಡಿಯೋವನ್ನು ಆರು ಸಲ ನೋಡಿದಳಂತೆ. ನಾನು ಕಾಫಿಗೆ ಹೋದಾಗ ತಲೆ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. "ಊರೆಲ್ಲ ನೋಡಿಬಿಟ್ರು ಸೆತ್ತಿ, ನನ್ನ ಮಾನ ಹೋಯ್ತು."

"ಕವಿತೇಲಿ ಮಾನ ಹೋಗೋದೇನಿದೆ ಲಲ್ಲಾ?"

"ಕವಿತೆ ಹಾಳಾಗ್ಲಿ. ಅವಳ ಅಂಗಿ ನೋಡಿದ್ಯಾ? ಇಸ್ತ್ರಿನೇ ಮಾಡಿಲ್ಲ!"

ಆಗಲೇ ವಸ್ಸೀಲಾಳ ತಮ್ಮ ಜಿಲಾಲಿ ಒಳಗೆ ಬಂದ. ಇಪ್ಪತ್ತಾರು ವರ್ಷದ ಹುಡುಗ, ಒಳ್ಳೆಯವನೇ, ಮಧ್ಯಾಹ್ನದವರೆಗೆ ಮಲಗುವುದೊಂದು ಬಿಟ್ಟರೆ. ಅಕ್ಕನ ಕೈಯಲ್ಲೇ ಕಾರು ಕಲಿತು ಮೂರು ಸಲ ನಪಾಸಾಗಿದ್ದ. "ಕಾಫಿ ಅಂಗ್ಡೀಲಿ ನನ್ನ ಏನಂತ ಕರೀತಾರೆ ಗೊತ್ತಾ?" ಎಂದು ಅಕ್ಕನ ಮೇಲೆ ಏರಿ ಹೋದ. "'ಗೇರು ಹಾಕು' ಅಂತ!"

"ಹಾಕಿದ್ಯಾ?" ಎಂದಳು ವಸ್ಸೀಲಾ, ಕಾಫಿ ಬಗ್ಗಿಸುತ್ತಾ.

"ನನ್ನ ಮರ್ಯಾದೆ ಗತಿ ಏನು?"

"ನಿನ್ನ ಮರ್ಯಾದೆ ಎಲ್ಲಿಟ್ಟಿದ್ದೆ ನೀನು? ನನ್ನ ಬಾಯಲ್ಲಿ ಇಟ್ಟಿದ್ರೆ ಮೊದ್ಲೇ ಹೇಳ್ಬೇಕಪ್ಪಾ. ಊಟ ಮಾಡೋವಾಗ ನುಂಗಿಬಿಟ್ಟಿರ್ತೀನಿ."

ಲಲ್ಲಾ ಬಖ್ತಾ ಮುಖ ತಿರುಗಿಸಿ ತಲೆವಸ್ತ್ರದ ಅಂಚಿನಲ್ಲಿ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಾಯಿತು.

ನಗುವ ವಿಷಯವೇ ಎಲ್ಲವೂ ಎಂದು ಯಾರೂ ತಿಳಿಯಬಾರದು. ಆ ಕಾರಿನಲ್ಲಿ ಕೂತು ಹೆಂಗಸರು ಏನೇನು ಹೇಳಿಕೊಳ್ಳುತ್ತಿದ್ದರು, ನಾನು ಹಿಂದಿನ ಸೀಟಿನಲ್ಲಿ ಕೂತು ಕೇಳಿದ್ದೇನೆ. ಮುಂದೆ ನೋಡಿಕೊಂಡು ಮಾತನಾಡುವಾಗ, ಎದುರಿನವರ ಮುಖ ಕಾಣದಿರುವಾಗ, ಮಾತು ಸುಲಭ. ಒಬ್ಬಳ ಅಣ್ಣಂದಿರು ಅಪ್ಪನ ಮನೆಯಲ್ಲಿ ಅವಳ ಪಾಲಿನ ಕೋಣೆಗೆ ಬೀಗ ಹಾಕಿದ್ದರು. ಒಬ್ಬಳು ಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿ ಹಾಕುತ್ತಿದ್ದಳು, ಸ್ಟೀರಿಂಗ್ ತಿರುಗಿಸುವಾಗ ತೋಳು ಸರಿದು ನೀಲಿ ಕಾಣುತ್ತಿತ್ತು. ವಸ್ಸೀಲಾ ಒಂದು ದಿನ ಅದನ್ನು ನೋಡಿದಳು. ಅವತ್ತು ಅವಳಿಗೆ ಊರಿನಿಂದ ಹೊರಗೆ ಹೋಗುವ ಎಲ್ಲ ರಸ್ತೆಗಳನ್ನೂ ಕಲಿಸಿದಳು. ಆರು ತಿಂಗಳ ನಂತರ ಆ ಹೆಂಗಸು ಅದರಲ್ಲೊಂದು ರಸ್ತೆ ಹಿಡಿದು ತವರಿಗೆ ಹೋದಳು. ಅವರ ಕತೆಗಳನ್ನು ಅವರನ್ನು ಕೇಳದೆ ವಸ್ಸೀಲಾ ಎಂದೂ ಕವಿತೆ ಮಾಡಲಿಲ್ಲ. ಕೇಳಿ ಮಾಡಿದ ಕವಿತೆಗಳನ್ನು ಹೇಳುವಾಗ ಸಭೆಯಲ್ಲಿ ಕಡಲೆಬೀಜದ ಸದ್ದೂ ಇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಯಾರೋ ಕಾರಿನ ಬಾಗಿಲ ಮೇಲೆ ಮೊಳೆಯಿಂದ "ನಾಚಿಕೆಗೆಟ್ಟವಳು" ಎಂದು ಗೀಚಿ ಹೋಗಿದ್ದರು. ಹಾಜ್ ಬಣ್ಣದ ಡಬ್ಬ ತಂದ. ವಸ್ಸೀಲಾಳ ಕಣ್ಣು ಕೆಂಪಾಗಿತ್ತು. ಆದರೂ "ಒಂದು ವಾರ ಇರ್ಲಿ ಹಾಜ್, ಕಾಗುಣಿತ ತಪ್ಪಿದೆ, ಬರೆದೋನು ಬಂದು ತಿದ್ದಲಿ" ಎಂದಳು. ಒಂದು ವಾರ ಅದೇ ಕಾರಿನಲ್ಲಿ ಊರೆಲ್ಲ ಸುತ್ತಿ ಪಾಠ ಹೇಳಿದಳು. ಯಾರೂ ತಿದ್ದಲು ಬರಲಿಲ್ಲ.

ಇಷ್ಟರಲ್ಲಿ ಧ್ವನಿವರ್ಧಕದ ಲಖ್ದರ್ ಪ್ರತಿ ಗುರುವಾರ ಅವಳಿಗಾಗಿ ಎರಡು ಕುರ್ಚಿ ಒರೆಸಿ ಇಡತೊಡಗಿದ್ದ. ಹೀಗೆ ಎಂಟು ತಿಂಗಳು ಕುರ್ಚಿ ಒರೆಸಿದ ಮೇಲೆ ಒಂದು ದಿನ ಬಂದು ಮುಂದೆ ನಿಂತ. ನಾನು ಪಕ್ಕದಲ್ಲೇ ಇದ್ದೆ, ಜಾಗ ಬಿಡಬೇಕೆಂದು ತಿಳಿಯಿತು, ಬಿಡಲಿಲ್ಲ.

"ನೀವು ಮಾತಾಡಿದ್ರೆ ನನ್ನ ಮೀಟರಿನ ಮುಳ್ಳು ಕೆಂಪಿಗೆ ಹೋಗುತ್ತೆ" ಎಂದ.

"ಇದು ದೂರೋ, ಇಲ್ಲಾ ಬೇರೆ ಏನಾದ್ರೂನೋ?"

ಅವನು ಬಹಳ ಯೋಚಿಸಿ, "ಬೇರೆ" ಎಂದ.

"ಮದ್ವೆ ಆದ್ಮೇಲೂ ನಾನು ಹೀಗೇ ಮಾತಾಡ್ತೀನಿ."

"ಮೀಟರು ದೊಡ್ಡದು ತರ್ತೀನಿ."

ನಮ್ಮ ಮಿಲೂದ್ ನನ್ನನ್ನು ಮದುವೆಯಾಗುವಾಗ ಇದರ ಕಾಲು ಭಾಗದಷ್ಟೂ ಹೇಳಿರಲಿಲ್ಲ.

ಮದುವೆ ನೋಂದಣಿಗೆ ಹೆಣ್ಣಿನ ಕಡೆಯಿಂದ ಒಬ್ಬ ಪೋಷಕ ಜೊತೆಗೆ ನಿಂತು ಸಹಿ ಹಾಕಬೇಕು. ಅಪ್ಪ ಇಲ್ಲ, ಆದ್ದರಿಂದ ಜಿಲಾಲಿ. ಆ ಹುಡುಗನಿಗೆ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಒಂದು ಅಧಿಕಾರ ಸಿಕ್ಕಿತ್ತು. ಕಾಲ ಮೇಲೆ ಕಾಲು ಹಾಕಿಕೊಂಡು ಹೇಳಿದ: "ಹಾಕ್ತೀನಿ. ಆದ್ರೆ ಈ ಕವಿತೆ ಗಿವಿತೆ ಎಲ್ಲ ಇವತ್ತಿಗೇ ಬಂದ್."

ಮಾರನೆಯ ದಿನ ವಸ್ಸೀಲಾ ನನ್ನನ್ನು ಕರೆದುಕೊಂಡು ಪುರಸಭೆಯ ಕಚೇರಿಗೆ ಹೋದಳು. ಕಿಟಕಿಯ ಹಿಂದೆ ದಪ್ಪ ಮೀಸೆಯ ಗುಮಾಸ್ತ. ಸೌಮ್ಯ ಮನುಷ್ಯ.

"ಕಾನೂನಲ್ಲಿ ಏನಿದೆ ಓದಿ ಸ್ವಾಮಿ" ಎಂದಳು.

ಅವನು ಕನ್ನಡಕ ಹಾಕಿಕೊಂಡು ಓದಿದ: "ತಂದೆ, ಇಲ್ಲವೇ ಹತ್ತಿರದ ನೆಂಟ, ಇಲ್ಲವೇ ಆಕೆ ಆರಿಸಿಕೊಂಡ ಯಾರಾದರೂ ವ್ಯಕ್ತಿ."

"ಆರಿಸ್ಕೊಂಡೆ. ಇವರು. ಸೆತ್ತಿ ಖಾಲ್ತಿ."

ಗುಮಾಸ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇವರು ಹೆಂಗಸು."

"ವ್ಯಕ್ತಿ ಅಂತ ತಾನೇ ಬರೆದಿರೋದು?"

"ಬರೆದಿರೋದು ವ್ಯಕ್ತಿ. ಅರ್ಥ ಗಂಡಸು."

ಹಿಂದೆ ಸರತಿಯಲ್ಲಿ ಮೂವತ್ತು ಜನ ಇದ್ದರು. ವಸ್ಸೀಲಾ ಎರಡು ಕೈಯಲ್ಲೂ ಕಿಟಕಿಯ ಕಟ್ಟೆ ಹಿಡಿದುಕೊಂಡಳು, ಸ್ಟೀರಿಂಗ್ ಹಿಡಿದ ಹಾಗೆ. ನನಗೆ ಗೊತ್ತಾಯಿತು, ಬರುತ್ತಿದೆ ಎಂದು.

"ದೀಪದ ಬಿಲ್ಲಿಗೆ ನಾನು ವ್ಯಕ್ತಿ,
ವೋಟಿನ ಸಾಲಿಗೆ ನಾನು ವ್ಯಕ್ತಿ,
ಕೆಂಪು ದೀಪ ದಾಟಿದರಂತೂ
ಆಹಾ, ಎಂಥಾ ಪೂರ್ಣ ವ್ಯಕ್ತಿ!
ಈ ಸೆತ್ತಿ ಚಿಕ್ಕಮ್ಮ ಏಳು ಹೆತ್ತಳು,
ಏಳಕ್ಕೂ ನೀವೇ ಬರೆದಿರಿ ಹೆಸರು, ಏಳೂ ವ್ಯಕ್ತಿ.
ಹೆತ್ತವಳೊಬ್ಬಳು ವ್ಯಕ್ತಿಯಲ್ಲದಿದ್ದರೆ, ಸ್ವಾಮಿ,
ಆ ಏಳೂ ಬಂದದ್ದು ಎಲ್ಲಿಂದ?"

ಸರತಿಯಲ್ಲಿದ್ದವರು ಚಪ್ಪಾಳೆ ಹೊಡೆದರು. ಒಬ್ಬ ಮುದುಕ "ಇನ್ನೊಂದ್ಸಲ!" ಎಂದ. ಗುಮಾಸ್ತನ ಮೀಸೆ ನಡುಗಿತು. ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಬಹಳ ಚೆನ್ನಾಗಿದೆ ತಂಗಿ. ನನ್ನ ಹೆಂಡ್ತಿಗೆ ಹೇಳ್ತೀನಿ. ಈಗ ಹೋಗಿ ಒಬ್ಬ ಗಂಡಸನ್ನ ಕರ್ಕೊಂಡು ಬನ್ನಿ."

ಕವಿತೆ ಗೆದ್ದಿತು, ಫಾರಮ್ಮು ಗೆಲ್ಲಲಿಲ್ಲ. ವಸ್ಸೀಲಾ ನಮ್ಮ ಮನೆಗೆ ಬಂದು ಅಡಿಗೆಮನೆಯಲ್ಲಿ ಕೂತು ಜೋರಾಗಿ ಅತ್ತಳು. ಅವಳಿಗೆ ಅಳುವುದೂ ಮೆಲ್ಲಗೆ ಬರುತ್ತಿರಲಿಲ್ಲ. ಪಕ್ಕದ ಮನೆಯವರು ಯಾರು ತೀರಿಕೊಂಡರು ಎಂದು ಬಾಗಿಲಿಗೆ ಬಂದರು.

ಒಳಕೋಣೆಯಿಂದ ಮಿಲೂದ್ ಗೋಡೆ ಹಿಡಿದುಕೊಂಡು ಬಂದ. ಎಲ್ಲ ಕೇಳಿಸಿಕೊಂಡಿದ್ದ. "ಗಂಡಸೇ ಬೇಕಂತಾ?" ಎಂದ.

"ಹೂಂ ಚಿಕ್ಕಪ್ಪ."

"ಕಣ್ಣು ಕಾಣ್ಬೇಕು ಅಂತೇನಾದ್ರೂ ಬರೆದಿದ್ಯಾ?"

"ಇಲ್ಲ."

"ಹಾಗಾದ್ರೆ ನಾನು ಬರ್ತೀನಿ. ನಂದೇನೂ ಷರತ್ತಿಲ್ಲ. ಒಂದೇ ಒಂದು, ಇವಳಿಗೆ ಬೇಗ ಲೈಸೆನ್ಸು ಕೊಡ್ಸು. ಮೂರು ತಿಂಗಳಿಂದ ಮನೆಯಿಂದ ಹೊರಗೆ ಹೋಗಿಲ್ಲ ನಾನು."

ಸ್ಕೂಲು ಬಿಡು ಬಿಡು ಎಂದು ಎರಡು ವರ್ಷ ಗೊಣಗಿದವನು ಇವನೇ. ನಾನು ಆ ದಿನ ಅವನಿಗೆ ಕುಸ್‌ಕುಸ್ ಮೇಲೆ ಎರಡು ತುಂಡು ಮಾಂಸ ಹೆಚ್ಚಿಗೆ ಹಾಕಿದೆ.

ನೋಂದಣಿಯ ದಿನ ಮಿಲೂದ್ ತನ್ನ ಹಳೆಯ ಕಪ್ಪು ಕೋಟು ಹಾಕಿಕೊಂಡು ಗುಮಾಸ್ತನ ಮುಂದೆ ನಿಂತ. ವಸ್ಸೀಲಾ ಇರುವ ಕಡೆ ತಿರುಗಿ, ಅಂದರೆ ಒಂದು ಕಪಾಟಿನ ಕಡೆ ತಿರುಗಿ ಕೇಳಿದ: "ಮಗಳೇ, ನಿನಗೆ ಒಪ್ಪಿಗೇನಾ?"

"ಒಪ್ಪಿಗೆ ಚಿಕ್ಕಪ್ಪ" ಎಂದಳು ಇತ್ತ ಕಡೆಯಿಂದ.

"ಅವಳೇ ಒಪ್ಪಿದ್ದಾಳಲ್ರೀ, ಮತ್ತೆ ನನಗೇನು ಕೆಲಸ ಇಲ್ಲಿ?" ಎಂದು ಗುಮಾಸ್ತನನ್ನು ಕೇಳಿದ. ಅವನು ಪುಸ್ತಕ ಮುಂದಿಟ್ಟು ಬೆರಳಿನಿಂದ ಜಾಗ ತೋರಿಸಿದ. ಮಿಲೂದ್ ಅರ್ಧ ಸಹಿಯನ್ನು ಪುಸ್ತಕದ ಮೇಲೂ ಅರ್ಧವನ್ನು ಮೇಜಿನ ಮೇಲೂ ಹಾಕಿದ.

ಇನ್ನು ಸಾಕ್ಷಿಗಳು ಬೇಕಿತ್ತು. ಹಾಜ್ ಮೊಖ್ತಾರ್ ಒಬ್ಬ. ಇನ್ನೊಬ್ಬನಾಗಿ ಲಖ್ದರನ ಗೆಳೆಯ ಬರಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಜಿಲಾಲಿ ಏದುಸಿರು ಬಿಡುತ್ತಾ ನಿಂತಿದ್ದ. ತಮ್ಮ ಇದ್ದೂ ಹೊರಗಿನವನು ಸಹಿ ಹಾಕುತ್ತಾನೆಂದು ಕಾಫಿ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಅವನನ್ನು ಹುರಿದು ತಿಂದಿದ್ದರು. ಕೋಟಿನ ಗುಂಡಿ ಮೇಲೆ ಕೆಳಗೆ ಆಗಿತ್ತು.

"ಅಕ್ಕಾ, ಸಾಕ್ಷೀಗಾದ್ರೂ ನನ್ನ ಹಾಕ್ಕೋ."

"ಷರತ್ತು?"

"ಏನೂ ಇಲ್ಲ."

"ಗುರುತಿನ ಚೀಟಿ ತಂದಿದ್ಯಾ?"

ಜಿಲಾಲಿ ಜೇಬು ಮುಟ್ಟಿಕೊಂಡ. ತಿರುಗಿ ಓಡಿದ. ವಧು, ವರ, ಗುಮಾಸ್ತ, ಸರತಿ ಎಲ್ಲರೂ ಇಪ್ಪತ್ತೈದು ನಿಮಿಷ ಕಾದೆವು. ವಸ್ಸೀಲಾ ಬೇರೆಯವರನ್ನು ಕರೆಯಲು ಬಿಡಲಿಲ್ಲ. "ಬರ್ತಾನೆ, ಅವನು ಸ್ಟಾರ್ಟ್ ಆಗೋದು ತಡ, ಆಮೇಲೆ ಸರಿ ಹೋಗ್ತಾನೆ" ಎಂದಳು.

ಮೆಹಂದಿಯ ಮಧ್ಯಾಹ್ನ ಲಲ್ಲಾ ಬಖ್ತಾಳ ಅಂಗಳದಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಡೋಲು ಬಡಿದದ್ದಾಯಿತು, ನಾಲಿಗೆ ಆಡಿಸಿ ಉಲುಲಿ ಹಾಕಿದ್ದಾಯಿತು. ವಧುವೇ ಒಂದು ಹೇಳಲಿ ಎಂದು ಹುಡುಗಿಯರು ಕಾಡಿದರು. ಕೈತುಂಬ ಒದ್ದೆ ಮೆಹಂದಿ, ಹಿಡಿದುಕೊಳ್ಳಲು ಏನೂ ಇಲ್ಲ, ಆದ್ದರಿಂದ ಆಗುವುದಿಲ್ಲ ಎಂದಳು ವಸ್ಸೀಲಾ. ಆಗ ಮೂಲೆಯಲ್ಲಿ ಬಾದಾಮಿ ತಟ್ಟೆ ಹಿಡಿದು ನಿಂತಿದ್ದ ಲಲ್ಲಾ ಬಖ್ತಾ ತಟ್ಟೆಯನ್ನು ನನ್ನ ಕೈಗೆ ತುರುಕಿ, "ನಾನು ಹೇಳ್ತೀನಿ" ಎಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

"ಮೀನು ಕೂಗಿದ ನನ್ನ ಗಂಡ ಬೆಳಗಿಂದ ಮಧ್ಯಾಹ್ನ,
ಮನೆಗೆ ಬಂದರೆ ಗಂಟಲು ಕಟ್ಟಿ ಮೌನವೋ ಮೌನ.
ಮೂವತ್ತು ವರ್ಷ ನನ್ನ ಮೇಲೆ ದನಿಯೇ ಎತ್ತಲಿಲ್ಲ,
ಎಂಥಾ ಗಂಡ ಅಂದಿತು ಊರು, ನಾನು ಇಲ್ಲ ಅನ್ನಲಿಲ್ಲ.
ಎತ್ತೋದಕ್ಕೆ ದನಿ ಎಲ್ಲಿತ್ತಮ್ಮ, ಬಂದರಲ್ಲೇ ಬಿಟ್ಟು ಬಂದಿದ್ದ!
ನನಗೂ ಒಂದು ದನಿ ಇತ್ತಲ್ಲ, ಕೇಳೋಕೆ ಯಾರಿದ್ದ?"

ಅಂಗಳ ನಗುತ್ತಾ ನಗುತ್ತಾ ಕೊನೆಯ ಸಾಲಿಗೆ ಬಂದು ತಟ್ಟನೆ ನಿಂತಿತು. ವಸ್ಸೀಲಾ ಮೆಹಂದಿ ಕೈಯನ್ನು ಮರೆತು ತಾಯಿಯನ್ನು ತಬ್ಬಿಕೊಂಡಳು. ಲಲ್ಲಾ ಬಖ್ತಾಳ ರೇಷ್ಮೆ ಉಡುಪಿನ ಬೆನ್ನ ಮೇಲೆ ಹತ್ತು ಬೆರಳು ಮೂಡಿದವು. "ಹೊಸ ಬಟ್ಟೆ ಕಣೇ ಪಾಪಿ!" ಎಂದು ಅವಳು ಕೂಗಿದಳು. ಆ ಕೂಗು ಕೇಳಿದ ಮೇಲೆ ಹುಡುಗಿಗೆ ಬಂದದ್ದು ಅಪ್ಪನ ಗಂಟಲೋ ತಾಯಿಯದೋ ಎಂದು ನನಗೆ ಅನುಮಾನ ಬಂತು.

ಮುಂದಿನ ವಸಂತದಲ್ಲಿ ಪೂರ್ವದ ಬೆಟ್ಟಸೀಮೆಯ ಬೆಜಾಯ ಊರಿನಿಂದ ಸ್ಲ್ಯಾಮ್ ಕೂಟಕ್ಕೆ ಆಹ್ವಾನ ಬಂತು. ಒಂದು ದಿನದ ಪ್ರಯಾಣ. ಏಳನೆಯ ಸಲಕ್ಕೆ ನಾನು ಪಾಸಾಗಿದ್ದೆ, ಕಾರು ನಮ್ಮದು. ನಾನು, ವಸ್ಸೀಲಾ, ಶಹಿನಾಜ್, ಲಲ್ಲಾ ಬಖ್ತಾ ಹೊರಟೆವು. ಅಲ್ಲಿ ವಸ್ಸೀಲಾ ಎದ್ದು ನಿಂತು, ಕುರ್ಚಿಯೂ ಇಲ್ಲದೆ, ನಾನೂ ಇಲ್ಲದೆ, ಬರೀ ಕೈಯಲ್ಲಿ ಹೇಳಿದಳು. ಎರಡನೆಯ ಸ್ಥಾನ ಬಂತು. ನನಗೆ ಸ್ವಲ್ಪ ಬೇಜಾರಾಯಿತು, ಸುಳ್ಳು ಹೇಳಬಾರದು. ನಾನು ಕುಸ್‌ಕುಸ್ ಬಣ್ಣದ ಹೊಸ ನಿಲುವಂಗಿ ಹೊಲಿಸಿಕೊಂಡು ಹೋಗಿದ್ದೆ.

ಲಲ್ಲಾ ಬಖ್ತಾಳನ್ನೂ ಗೌರವಕ್ಕೆಂದು ಮೇಲೆ ಕರೆದರು. ಮೂರು ನಿಮಿಷದ ಗಂಟೆ ಹೊಡೆಯಿತು, ಅವಳು ಇಳಿಯಲಿಲ್ಲ. ಐದು ನಿಮಿಷವಾಯಿತು. ತೀರ್ಪುಗಾರ ಮೇಲೆ ಬಂದು ಮೆಲ್ಲಗೆ "ಅಮ್ಮಾ, ಸಮಯ" ಎಂದ. "ಅರವತ್ತೆಂಟು ವರ್ಷ ಸುಮ್ನಿದ್ದೆ, ನೀನು ಎರಡು ನಿಮಿಷ ಸುಮ್ನಿರೋಕಾಗಲ್ವಾ ಮಗನೇ?" ಎಂದಳು. ಆಗ ಸಭೆಯ ನಡುವಿನಿಂದ ಬೆಟ್ಟದ ಕಡೆಯ ಮುದುಕಿಯೊಬ್ಬಳು ಎದ್ದು ತಮ್ಮ ಕಬೈಲಿ ಭಾಷೆಯಲ್ಲಿ, ಪ್ರಾಸದಲ್ಲೇ ಏನೋ ಉತ್ತರ ಕೊಟ್ಟಳು. ಲಲ್ಲಾಳಿಗೆ ಆ ಭಾಷೆ ಬಾರದು. ಮುದುಕಿಗೆ ಲಲ್ಲಾಳ ಅರಬ್ಬಿಯಲ್ಲಿ ಅರ್ಧ ತಿಳಿಯದು. ಆದರೂ ಒಬ್ಬಳು ಒಂದು ಹೇಳುವುದು, ಇನ್ನೊಬ್ಬಳು ಒಂದು ಹೇಳುವುದು, ಹೀಗೆ ಹನ್ನೊಂದು ನಿಮಿಷ ನಡೆಯಿತು. ತೀರ್ಪುಗಾರರು ಪೆನ್ನು ಕೆಳಗಿಟ್ಟು ಕೈ ಕಟ್ಟಿ ಕೂತರು.

ಹೊರಡುವಾಗ ಆ ಮುದುಕಿ ಒಂದು ದೊಡ್ಡ ಡಬ್ಬ ಆಲಿವ್ ಎಣ್ಣೆ ತಂದು ಲಲ್ಲಾಳ ಕೈಗಿಟ್ಟಳು. ಲಲ್ಲಾ ಅದನ್ನು ಮಗುವಿನ ಹಾಗೆ ಅಪ್ಪಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು, ಘಟ್ಟದ ತಿರುವುಗಳಲ್ಲಿ ನಿದ್ದೆ ಹೋದಳು. ಡಬ್ಬದ ಮುಚ್ಚಳ ಸಡಿಲವಿತ್ತು. ಎಣ್ಣೆ ಸೋರಿದ್ದು ಯಾರಿಗೂ ಗೊತ್ತಾಗಲಿಲ್ಲ. ಮೊಸ್ತಗಾನೆಮ್‌ಗೆ ಬಂದು ಬಾಗಿಲು ತೆಗೆದರೆ ಲಲ್ಲಾ ಬಖ್ತಾ ಸೀಟಿನಿಂದ ಮೀನಿನ ಹಾಗೆ ಜಾರಿ ನೇರ ಜಿಲಾಲಿಯ ಕಾಲ ಬಳಿ ಬಂದು ಇಳಿದಳು. ಬೈಯುತ್ತಲೇ ಎದ್ದಳು, ಅದೂ ಪ್ರಾಸದಲ್ಲಿ.